ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಗಳ ಆರೋಗ್ಯ ಶಿಬಿರಗಳಲ್ಲಿ, ಆಸ್ಪತ್ರೆಯ ಕಾರಿಡಾರುಗಳಲ್ಲಿ, ಫೋನಿನಲ್ಲಿ, ಆಗೊಮ್ಮೆ ಈಗೊಮ್ಮೆ ಬರುವ ಪತ್ರಗಳಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ಕ್ಯಾನ್ಸರ್ ರೋಗಿಗಳ ಜೊತೆ ಆಸ್ಪತ್ರೆಗೆ ಓಡಾಡುತ್ತೇನೆ. ಚೀಟಿ ಮಾಡಿಸುವುದು, ಸ್ಕ್ಯಾನಿಂಗಿಗೆ ತಾರೀಕು ಹಿಡಿಯುವುದು, ಕಾರ್ಡಿನ ಕಾಗದ ಹೊಂದಿಸುವುದು ನನ್ನ ಕೆಲಸ. ಇದಕ್ಕೆ ಇಳಿದಿದ್ದು ನಮ್ಮ ಸೋದರಮಾವನಿಂದಾಗಿ. ಅವರ ವಿಷಯ ಮೂರನೇ ಪ್ರಶ್ನೆಯಲ್ಲಿದೆ. ಇಲ್ಲಿರುವುದು ತಿಳಿವಳಿಕೆಗೆ. ನಿಮ್ಮ ಮೈಗೆ ಏನು ಬೇಕು ಅನ್ನುವುದನ್ನು ನಿಮ್ಮನ್ನು ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು.

## ಮೊದಲು ತಿಳಿಯಬೇಕಾದದ್ದು

“ದೊಡ್ಡ ಕರುಳಿನ ಕ್ಯಾನ್ಸರ್ ಅಂದ್ರೆ ಹೊಟ್ಟೆ ಕ್ಯಾನ್ಸರ್ರೇ ಅಲ್ವಾ?”

ಅಲ್ಲ. ತಿಂದದ್ದು ಮೊದಲು ಹೋಗಿ ಬೀಳುವುದು ಜಠರಕ್ಕೆ. ಅಲ್ಲಿಂದ ಸಣ್ಣ ಕರುಳು, ಕೊನೆಗೆ ದೊಡ್ಡ ಕರುಳು. ಇದರ ಉದ್ದ ಸುಮಾರು ಒಂದೂವರೆ ಮೀಟರ್. ಗುದದ್ವಾರಕ್ಕೆ ಸೇರುವ ಕೊನೆಯ ತುಂಡನ್ನು ಗುದನಾಳ ಅನ್ನುತ್ತಾರೆ. ಈ ಕರುಳಿನ ಒಳಗೋಡೆಯಲ್ಲಿ ಏಳುವ ಕ್ಯಾನ್ಸರ್ ಬಗ್ಗೆ ನಾವು ಮಾತಾಡುತ್ತಿರುವುದು. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಿಗೆ ಇದು ಹೊಸದಾಗಿ ಬಂತು. 9 ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು.

ಈ ಕಾಯಿಲೆ ನಮಗೆ ಸಮಯ ಕೊಡುತ್ತದೆ. ಬಹುತೇಕ ಸಲ ಇದು ಪಾಲಿಪ್ ಎಂಬ ಸಣ್ಣ ಗಂಟಾಗಿ ಶುರುವಾಗುತ್ತದೆ. ಎಲ್ಲ ಗಂಟೂ ಕೆಡುವುದಿಲ್ಲ. ಕೆಡುವ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಅಷ್ಟರೊಳಗೆ ಸಿಕ್ಕರೆ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಪೈಪ್ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡುತ್ತಿರುವಾಗಲೇ ತಂತಿಯ ಕುಣಿಕೆ ಹಾಕಿ ತೆಗೆದುಬಿಡಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ಕ್ಯಾನ್ಸರೇ ಆಗಿದ್ದರೂ ಕರುಳಿನ ಗೋಡೆ ದಾಟುವ ಮೊದಲು ಸಿಕ್ಕವರಲ್ಲಿ ನೂರಕ್ಕೆ 90ರಷ್ಟು ಜನ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಕ್ಕೆ ಹರಡಿದ ಮೇಲೆ ಸಿಕ್ಕವರಲ್ಲಿ ಅದು 15ರ ಹತ್ತಿರಕ್ಕೆ ಇಳಿಯುತ್ತದೆ. ಇವು ಅಮೆರಿಕದ ಲೆಕ್ಕ. ಚಿಕಿತ್ಸೆ ಕೈಗೆಟುಕುವ ಕಡೆಯಲ್ಲೇ ಇಷ್ಟು ಅಂತರ.

“ಸೊಪ್ಪು, ಮುದ್ದೆ ತಿನ್ನೋರಿಗೆ ಇದು ಬರಲ್ಲ ಅಂತಾರಲ್ಲ?”

ಕಮ್ಮಿ ಬರುತ್ತದೆ, ಬರುವುದೇ ಇಲ್ಲ ಅಂತಲ್ಲ. ಲಕ್ಷಕ್ಕೆ ಇಷ್ಟು ಜನ ಎಂದು ನೋಡಿದರೆ ನಮ್ಮ ದೇಶದ ಪ್ರಮಾಣ ಯುರೋಪ್, ಅಮೆರಿಕಕ್ಕಿಂತ ಬಹಳ ಕೆಳಗಿದೆ. ಆದರೆ ನಾವಿರುವುದು ಎಷ್ಟು ಕೋಟಿ! 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ಇಟ್ಟುಕೊಂಡು ಬಂದಿದೆ. ಆ ಲೆಕ್ಕದಲ್ಲೂ ಕರುಳಿನ ಕ್ಯಾನ್ಸರ್ ಏರುತ್ತಾ ಬಂದಿದೆ.

ನಮ್ಮವರಲ್ಲಿ ಇನ್ನೆರಡು ವಿಷಯ ಎದ್ದು ಕಾಣುತ್ತದೆ. ರೋಗಿಗಳ ವಯಸ್ಸು ಕಮ್ಮಿ, ನಲವತ್ತರ ಆಸುಪಾಸಿನವರು ಬೇಕಾದಷ್ಟು ಜನ ಇದ್ದಾರೆ. ಮತ್ತೆ, ಗುದನಾಳದ ಕ್ಯಾನ್ಸರ್ ಪಾಲು ಜಾಸ್ತಿ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಕ್ಕೆ ಬೇಕು.

“ರಕ್ತ ಹೋದ್ರೆ ಅದು ಮೂಲವ್ಯಾಧಿ ತಾನೆ? ಅದಕ್ಕೆ ಯಾಕೆ ಇಷ್ಟೊಂದು ಹೆದರಿಸ್ತೀರಾ?”

ಬಹಳಷ್ಟು ಸಲ ಮೂಲವ್ಯಾಧಿಯೇ. ನೋಡದೆ ಹಾಗೆಂದು ಹೇಳುವುದು ತಪ್ಪು.

ನಮ್ಮ ಮಾವ ಚಿತ್ರದುರ್ಗದ ಕಡೆ ಶೇಂಗಾ ಬೆಳೆಯುತ್ತಿದ್ದರು. ವಯಸ್ಸು ಐವತ್ತೆರಡು. ರಕ್ತ ಕಾಣಿಸಿಕೊಂಡಾಗ ಖಾರ ಜಾಸ್ತಿ ಆಯ್ತು ಅಂದುಕೊಂಡರು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಪೈಲ್ಸ್, ಫಿಸ್ಟುಲಾ ಎಂದು ಬೋರ್ಡು ಹಾಕಿಕೊಂಡ ಒಂದು ಕ್ಲಿನಿಕ್ಕಿಗೆ ಹೋದರು. ಮುಲಾಮು ಕೊಟ್ಟರು. ನಿಲ್ಲಲಿಲ್ಲ, ಇಂಜೆಕ್ಷನ್ ಕೊಟ್ಟರು. ಹದಿನಾಲ್ಕು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ ದಿನ ಒಬ್ಬ ಎಳೆಯ ಡಾಕ್ಟರು ಕೈಗವಸು ಹಾಕಿ, ಜೆಲ್ಲಿ ಹಚ್ಚಿ, ಬೆರಳು ಹಾಕಿ ನೋಡಿದರು. ಎರಡು ನಿಮಿಷವೂ ಆಗಲಿಲ್ಲ. ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದು, “ಇಷ್ಟು ದಿನ ಯಾರೂ ಬೆರಳು ಹಾಕಿ ನೋಡಲಿಲ್ವಾ?” ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಗಡ್ಡೆ ಬೆರಳಿಗೇ ಸಿಗುತ್ತಿತ್ತು, ಅಷ್ಟು ಕೆಳಗೆ ಇತ್ತು. ಆಗಲೇ ಲಿವರಿಗೂ ಹೋಗಿತ್ತು.

ಅದಕ್ಕೇ ಹೇಳುವುದು. ರಕ್ತ ಹೋಗುತ್ತಿದೆ ಅಂದರೆ ಬೆರಳು ಪರೀಕ್ಷೆ ಮಾಡದೆ ಔಷಧ ಬರೆಯುವವರ ಹತ್ತಿರ ನಿಲ್ಲಬೇಡಿ. “ಒಂದ್ಸಲ ಪರೀಕ್ಷೆ ಮಾಡಿ ನೋಡಿ ಸಾರ್” ಅಂತ ನೀವೇ ಕೇಳಿ, ನಾಚಿಕೆ ಬೇಡ. ಇದಕ್ಕೆ ಯಂತ್ರ ಬೇಡ, ಕ್ಯೂ ಬೇಡ, ಪಿಎಚ್‌ಸಿಯಲ್ಲೇ ಆಗುತ್ತದೆ. ಮೇಲಿನ ಕರುಳಿನ ಗಂಟು ಇದಕ್ಕೆ ಸಿಗುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಗುದನಾಳದ ಪಾಲು ಜಾಸ್ತಿ ಇರುವಾಗ ಈ ಎರಡು ನಿಮಿಷಕ್ಕೆ ಬಹಳ ಬೆಲೆ ಇದೆ.

ರಕ್ತದ ಜೊತೆ ಇನ್ನೂ ಕೆಲವು ಸೂಚನೆಗಳಿವೆ. ಬಾತ್‌ರೂಮಿಗೆ ಹೋಗುವ ಅಭ್ಯಾಸ ವಾರಗಟ್ಟಲೆ ಬದಲಾಗುವುದು, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಅನ್ನಿಸುವುದು, ಲೋಳೆ ಬೀಳುವುದು, ಕಾರಣವಿಲ್ಲದೆ ತೂಕ ಇಳಿಯುವುದು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ರಕ್ತಹೀನತೆ ಕಂಡರೆ ಸುಮ್ನೆ ಐರನ್ ಮಾತ್ರೆ ಕೊಟ್ಟು ಕಳಿಸಬಾರದು. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು.

“ತಪಾಸಣೆ ಅಂದ್ರೆ ಏನು ಮಾಡ್ತಾರೆ? ಪೈಪ್ ಹಾಕಿಸಿಕೊಳ್ಳಲೇಬೇಕಾ?”

ಎಲ್ಲರಿಗೂ ಬೇಡ. ಯಾವ ತೊಂದರೆಯೂ ಇಲ್ಲದವರಿಗೆ ಮೊದಲ ಮೆಟ್ಟಿಲು ಮಲ ಪರೀಕ್ಷೆ. ಈಗ ಹೆಚ್ಚು ನಡೆಯುವುದಕ್ಕೆ ಫಿಟ್ ಎಂದು ಹೆಸರು. ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಇದ್ದರೂ ಹಿಡಿಯುತ್ತದೆ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಹಿಂದಿನ ದಿನ ಮಟನ್ ತಿಂದಿದ್ದರೂ ತೊಂದರೆ ಇಲ್ಲ. ಹಳೆಯ ಪರೀಕ್ಷೆಯಲ್ಲಿ ಊಟದ ಪಥ್ಯ ಇತ್ತು, ಇದರಲ್ಲಿ ಇಲ್ಲ.

ಫಿಟ್ ಪಾಸಿಟಿವ್ ಬಂದವರಿಗೆ ಮಾತ್ರ ಕೊಲೊನೋಸ್ಕೋಪಿ. ಹೀಗೆ ಎರಡು ಮೆಟ್ಟಿಲು ಮಾಡುವುದು ಬಡವರಿಗೆಂದು ಮಾಡಿದ ಕಡಿಮೆ ದರ್ಜೆಯ ದಾರಿಯಲ್ಲ. ಸ್ಪೇನಿನಲ್ಲಿ 50ರಿಂದ 69 ವರ್ಷದವರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎರಡು ವರ್ಷಕ್ಕೊಮ್ಮೆ ಫಿಟ್‌ಗೆ, ಇನ್ನೊಂದನ್ನು ಒಂದು ಸಲದ ಕೊಲೊನೋಸ್ಕೋಪಿಗೆ ಕರೆದರು. ಫಲಿತಾಂಶ 2025ರಲ್ಲಿ ಬಂತು. ಹತ್ತು ವರ್ಷದಲ್ಲಿ ಕರುಳಿನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣದಲ್ಲಿ ಫಿಟ್ ಗುಂಪು ಹಿಂದೆ ಬೀಳಲಿಲ್ಲ. ಕರೆದಾಗ ಬಂದವರೂ ಫಿಟ್ ಕಡೆಯೇ ಜಾಸ್ತಿ, ನೂರಕ್ಕೆ ಸುಮಾರು 40. ಕೊಲೊನೋಸ್ಕೋಪಿಗೆ 32.

“ಮಲ ಹಿಡಿಯೋದು ಹೇಗೆ? ನಮ್ಮನೇಲಿರೋದು ಇಂಡಿಯನ್ ಲೆಟ್ರಿನ್ನು.”

ಅದೇ ಸುಲಭ. ಬೇಸನ್ನಿನ ಚಪ್ಪಟೆ ಜಾಗದ ಮೇಲೆ ಹಳೇ ಪೇಪರ್ ಅಥವಾ ಬಾಳೆ ಎಲೆ ತುಂಡು ಹಾಸಿ. ಮೊದಲು ಮೂತ್ರ ಮಾಡಿ ಮುಗಿಸಿ. ಮಲ ನೀರಿಗೆ ಬೀಳಬಾರದು, ನೀವು ತೊಳೆದುಕೊಳ್ಳುವ ನೀರೂ ಅದರ ಮೇಲೆ ಬೀಳಬಾರದು. ಫಿಟ್ ಕಿಟ್ಟಿನಲ್ಲಿ ಕೊಡುವ ಟ್ಯೂಬಿನ ಮುಚ್ಚಳಕ್ಕೇ ಒಂದು ಕಡ್ಡಿ ಇರುತ್ತದೆ, ಅದರ ತುದಿಯಲ್ಲಿ ಸಣ್ಣ ಗೆರೆಗಳು. ಮಲದ ಮೇಲೆ ನಾಲ್ಕೈದು ಕಡೆ ಕಡ್ಡಿ ಎಳೆಯಿರಿ. ಗೆರೆ ತುಂಬಿದರೆ ಸಾಕು. ಜಾಸ್ತಿ ಕೊಟ್ಟರೆ ಪರೀಕ್ಷೆ ಚೆನ್ನಾಗಿ ಆಗುತ್ತದೆ ಎಂದು ಒಬ್ಬರು ಅಜ್ಜಿ ಹಾರ್ಲಿಕ್ಸ್ ಬಾಟಲಿ ತುಂಬ ತಂದಿದ್ದರು. ಅಷ್ಟು ಬೇಕಿಲ್ಲ. ಕಡ್ಡಿಯನ್ನು ಟ್ಯೂಬಿಗೆ ಹಾಕಿ ಟಕ್ ಅನ್ನುವವರೆಗೆ ಒತ್ತಿ, ಹೆಸರು ಮತ್ತು ತಾರೀಕು ಬರೆಯಿರಿ. ಮುಟ್ಟಿನ ದಿನಗಳಲ್ಲಿ ಬೇಡ.

“ಫಿಟ್ ನೆಗೆಟಿವ್ ಬಂತು. ಇನ್ನು ಆರಾಮಾಗಿ ಇರಬಹುದಾ?”

ಎರಡು ವರ್ಷದವರೆಗೆ ಇರಬಹುದು. ಒಂದು ಸಲದ ಫಿಟ್ ನಾಲ್ಕು ಕ್ಯಾನ್ಸರಿನಲ್ಲಿ ಮೂರನ್ನು ಹಿಡಿಯುತ್ತದೆ, ಒಂದು ತಪ್ಪಿಸಿಕೊಳ್ಳುತ್ತದೆ. ದೊಡ್ಡ ಗಂಟುಗಳಲ್ಲಂತೂ ಬಹುಪಾಲು ಒಂದು ಸಲಕ್ಕೆ ಸಿಗುವುದಿಲ್ಲ, ಅವು ದಿನಾ ರಕ್ತ ಬಿಡುವುದಿಲ್ಲ. ಅದಕ್ಕೇ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಮಾಡುವುದು. ನೆಗೆಟಿವ್ ಬಂದಮೇಲೆ ರಕ್ತ ಕಾಣಿಸಿಕೊಂಡರೆ ಆ ರಿಪೋರ್ಟನ್ನು ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.

“ಯಾವ ವಯಸ್ಸಿಗೆ ಶುರು ಮಾಡ್ಬೇಕು? ನಮ್ಮ ತಂದೆಗೆ ಇತ್ತು.”

ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ 50 ಎಂದು ಇಟ್ಟುಕೊಳ್ಳುವ ದೇಶಗಳು ಹೆಚ್ಚು. ಅಮೆರಿಕದಲ್ಲಿ 2021ರಿಂದ 45ಕ್ಕೆ ಶುರು ಮಾಡಲು ಹೇಳುತ್ತಾರೆ. ನಿಮ್ಮ ಲೆಕ್ಕ ಬೇರೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ 40ಕ್ಕೆ, ಇಲ್ಲವೇ ಅವರಿಗೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇದರಲ್ಲಿ ಯಾವುದು ಮೊದಲೋ ಆಗ. ತಂದೆಗೆ 46ಕ್ಕೆ ಬಂದಿದ್ದರೆ ನಿಮಗೆ 36. ಮನೆತನದಲ್ಲಿ ಹಲವರಿಗೆ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿದ್ದರೆ ಲಿಂಚ್ ಸಿಂಡ್ರೋಮ್ (ಈ ಕ್ಯಾನ್ಸರುಗಳ ಅಪಾಯ ಹೆಚ್ಚಿಸುವ, ಮನೆತನದಲ್ಲಿ ಹರಿದು ಬರುವ ದೋಷ) ಇದೆಯೇ ಎಂದು ವಿಚಾರಿಸಿ. ಅಂಥವರಿಗೆ ಇಪ್ಪತ್ತೈದರೊಳಗೇ ಕೊಲೊನೋಸ್ಕೋಪಿ ಶುರುವಾಗುತ್ತದೆ.

## ವ್ಯವಸ್ಥೆಯ ಬಗ್ಗೆ

“ಆಶಾ ಅಕ್ಕ ಮನೆಗೇ ಬಂದು ಬಿಪಿ, ಶುಗರ್, ಬಾಯಿ ಎಲ್ಲ ಕೇಳಿದ್ರು. ಕರುಳಿನ ಬಗ್ಗೆ ಯಾಕೆ ಕೇಳಲಿಲ್ಲ?”

ಅವರ ಫಾರಂನಲ್ಲಿ ಅದು ಇಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ಚೌಕಟ್ಟಿನಲ್ಲಿ 30 ದಾಟಿದವರಿಗೆ ಮೂರು ಕ್ಯಾನ್ಸರ್ ತಪಾಸಣೆ ಇದೆ: ಬಾಯಿ, ಸ್ತನ, ಗರ್ಭಕೋಶದ ಕೊರಳು. ನಮ್ಮಲ್ಲಿ ಇವು ಜಾಸ್ತಿ, ಹಾಗಾಗಿ ಆ ಆಯ್ಕೆ ಸರಿಯೇ. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾದಾಗಲೂ ಇದೇ ಮೂರನ್ನು ಇಟ್ಟುಕೊಂಡಿತು.

ಕರುಳಿನದನ್ನು ನಾಲ್ಕನೆಯದಾಗಿ ನಾಳೆಯೇ ಸೇರಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಫಾರಂ ಹಿಡಿದು ಮನೆ ಬಾಗಿಲಿಗೆ ಬಂದವರು “ಮಲದಲ್ಲಿ ರಕ್ತ ಹೋಗುತ್ತಾ?”, “ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿತ್ತಾ?” ಎಂಬ ಎರಡು ಪ್ರಶ್ನೆ ಕೇಳಲು ಕಿಟ್ ಬೇಡ, ದುಡ್ಡೂ ಬೇಡ.

“ಎಲ್ರಿಗೂ ಕಿಟ್ ಹಂಚಿಬಿಟ್ರೆ ಆಯ್ತಲ್ಲ?”

ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೇಳುವ ಪ್ರಶ್ನೆ ಇದು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ತಾಲ್ಲೂಕಿನಲ್ಲಿ 50 ದಾಟಿದ 20,000 ಜನ ಫಿಟ್ ಮಾಡಿಸಿಕೊಂಡರು ಅಂದುಕೊಳ್ಳಿ. ನೂರಕ್ಕೆ 5 ಪಾಸಿಟಿವ್ ಬಂದರೆ 1,000 ಕೊಲೊನೋಸ್ಕೋಪಿ ಬೇಕು. ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ, ದಿನಕ್ಕೆ ಐದು ಮಾಡಿದರೆ ವರ್ಷಕ್ಕೆ 500. ಬೇರೆ ಯಾವ ರೋಗಿಯನ್ನೂ ಮುಟ್ಟದೆ ಮಾಡಿದರೂ ಒಂದು ತಾಲ್ಲೂಕಿಗೇ ಎರಡು ವರ್ಷ. ಮಿಕ್ಕ ತಾಲ್ಲೂಕುಗಳು? ಈಗಾಗಲೇ ರಕ್ತ ಹೋಗುತ್ತಾ ಕಾಯುತ್ತಿರುವವರು?

ಪಾಸಿಟಿವ್ ಎಂದು ಹೇಳಿ ಮುಂದಿನ ದಾರಿ ತೋರಿಸದೆ ಬಿಟ್ಟರೆ ಆ ಮನುಷ್ಯನಿಗೆ ನಿದ್ದೆಗೆಡಿಸಿದ್ದೇ ಬಂತು. ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ಬರೆದುಕೊಟ್ಟ ತಪಾಸಣೆಯ ನಿಯಮಗಳಲ್ಲಿ ಇದೂ ಒಂದು: ರೋಗ ಖಚಿತಪಡಿಸುವ, ಚಿಕಿತ್ಸೆ ಕೊಡುವ ಸೌಲಭ್ಯ ಇರಬೇಕು. ಕೊಲೊನೋಸ್ಕೋಪಿ ಎಷ್ಟು ಮಾಡಬಲ್ಲಿರಿ ಎಂದು ಮೊದಲು ಎಣಿಸಿ. ಆಮೇಲೆ ಅಷ್ಟಕ್ಕೆ ತಕ್ಕ ಕಿಟ್ ತರಿಸಿ.

“ಬೇರೆ ದೇಶದವರಿಗೆ ಈ ಕ್ಯೂ ತೊಂದರೆ ಬರಲಿಲ್ವಾ?”

ಬಂತು, ಚೆನ್ನಾಗಿಯೇ ಬಂತು. ನೆದರ್‌ಲ್ಯಾಂಡ್ಸ್ 2014ರಲ್ಲಿ 55ರಿಂದ 75 ವರ್ಷದವರಿಗೆ ಫಿಟ್ ಕಿಟ್ ಅಂಚೆಯಲ್ಲಿ ಕಳಿಸಲು ಶುರು ಮಾಡಿತು. ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ವಾಪಸ್ ಕಳಿಸಿದರು, ಪಾಸಿಟಿವ್ ಕೂಡ ಜಾಸ್ತಿ ಬಂತು. ಕೊಲೊನೋಸ್ಕೋಪಿ ಮಾಡುವವರು ಸಾಲದಾದರು. ಅವರು ಕಾರ್ಯಕ್ರಮ ನಿಲ್ಲಿಸಲಿಲ್ಲ. ಪಾಸಿಟಿವ್ ಅನ್ನುವ ಗೆರೆಯನ್ನು ಅದೇ ವರ್ಷ ಒಂದು ಗ್ರಾಂ ಮಲಕ್ಕೆ 15 ಮೈಕ್ರೋಗ್ರಾಂ ಹಿಮೋಗ್ಲೋಬಿನ್‌ನಿಂದ (ರಕ್ತದ ಕೆಂಪು ಅಂಶ) 47ಕ್ಕೆ ಏರಿಸಿದರು. ಕೆಲವು ಗಂಟುಗಳು ತಪ್ಪುತ್ತವೆ ಎಂದು ಗೊತ್ತಿದ್ದೂ, ಕರೆದವರಿಗೆಲ್ಲ ಬೇಗ ಪರೀಕ್ಷೆ ಆಗಲಿ ಎಂದು ಹೀಗೆ ಮಾಡಿದರು. ಹಣ, ಡಾಕ್ಟರು ಎರಡೂ ಇರುವ ದೇಶವೇ ಹೀಗೆ ಮಾಡಬೇಕಾಯಿತು ಅನ್ನುವುದನ್ನು ನಮ್ಮ ಅಧಿಕಾರಿಗಳಿಗೆ ನಾನು ಪ್ರತಿ ಸಲ ಹೇಳುತ್ತೇನೆ.

ಇಂಗ್ಲೆಂಡಿನವರು 2019ರಲ್ಲಿ ಹಳೇ ಪರೀಕ್ಷೆ ಬಿಟ್ಟು ಫಿಟ್‌ಗೆ ಬಂದರು. ಗೆರೆಯನ್ನು 120ರಲ್ಲಿ ಇಟ್ಟರು, ನೆರೆಯ ಸ್ಕಾಟ್ಲೆಂಡ್ 80ರಲ್ಲಿ ಇಟ್ಟಿತ್ತು. 60ಕ್ಕೆ ಶುರುವಾಗುತ್ತಿದ್ದ ವಯಸ್ಸನ್ನು 2021ರಿಂದ ಮೆಲ್ಲಮೆಲ್ಲಗೆ 50ಕ್ಕೆ ಇಳಿಸಿದರು. ಜಾಗ ಆದಂತೆ ಬಾಗಿಲು ತೆಗೆಯುವುದು ಅಂದರೆ ಇದು.

ನಮಗೆ ಹತ್ತಿರದ ಉದಾಹರಣೆ ಥಾಯ್ಲೆಂಡಿನದು. ಲಾಂಪಾಂಗ್ ಪ್ರಾಂತ್ಯದಲ್ಲಿ 2011ರಲ್ಲಿ 50ರಿಂದ 65 ವರ್ಷದವರಿಗೆ ಊರಿನ ಆರೋಗ್ಯ ಕಾರ್ಯಕರ್ತರ ಮೂಲಕ ಫಿಟ್ ಮಾಡಿಸಿದರು. ನೂರಕ್ಕೆ 63ರಷ್ಟು ಜನ ಮಾಡಿಸಿಕೊಂಡರು. ಗೆರೆ ಎತ್ತರದಲ್ಲಿ ಇಟ್ಟಿದ್ದರಿಂದ ಪಾಸಿಟಿವ್ ಬಂದದ್ದು ನೂರಕ್ಕೆ ಒಬ್ಬರು ಅಷ್ಟೇ. ಅವರಲ್ಲಿ ನೂರಕ್ಕೆ 72 ಜನ ಕೊಲೊನೋಸ್ಕೋಪಿಗೆ ಬಂದರು. ಅದೇ ಆರೋಗ್ಯ ಕೇಂದ್ರಗಳು, ಅದೇ ಸರ್ಕಾರಿ ಆಸ್ಪತ್ರೆಗಳು.

“ಕೊಲೊನೋಸ್ಕೋಪಿಗೆ ಮೂರು ತಿಂಗಳ ನಂತರ ತಾರೀಕು ಕೊಟ್ಟಿದ್ದಾರೆ. ಕಾಯಬಹುದಾ?”

ಯಾಕೆ ಬರೆದುಕೊಟ್ಟರು ಅನ್ನುವುದರ ಮೇಲೆ ಹೋಗುತ್ತದೆ. ತೊಂದರೆ ಏನೂ ಇಲ್ಲದೆ ಫಿಟ್ ಮಾತ್ರ ಪಾಸಿಟಿವ್ ಬಂದಿದ್ದರೆ ಎದೆಗುಂದಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಾವಿರಾರು ಜನರನ್ನು ಹಿಂಬಾಲಿಸಿ ನೋಡಿದ್ದಾರೆ, 2017ರಲ್ಲಿ ವರದಿ ಬಂತು. ಒಂದು ತಿಂಗಳೊಳಗೆ ಮಾಡಿಸಿದವರಿಗಿಂತ ಕ್ಯಾನ್ಸರ್, ಅದರಲ್ಲೂ ಮುಂದುವರಿದ ಕ್ಯಾನ್ಸರ್, ಎದ್ದು ಕಾಣುವಷ್ಟು ಜಾಸ್ತಿಯಾಗಿದ್ದು ಹತ್ತು ತಿಂಗಳು ದಾಟಿದವರಲ್ಲಿ. ಮೂರು ತಿಂಗಳು ಸಹಿಸಬಹುದು, ಮರೆತುಬಿಡುವುದನ್ನು ಸಹಿಸಲಾಗದು.

ರಕ್ತ ಹೋಗುತ್ತಿದೆ, ತೂಕ ಇಳಿದಿದೆ, ಹಿಮೋಗ್ಲೋಬಿನ್ 8 ಇದೆ ಅನ್ನುವವರು ಕಾಯಬಾರದು. ಓಪಿಡಿ ಚೀಟಿಯ ಮೇಲೆ ಇದನ್ನೆಲ್ಲ ಬರೆಸಿ, “ಅರ್ಜೆಂಟ್” ಎಂದು ಹಾಕಿಸಿಕೊಳ್ಳಿ. ಬರೀ “ಹೊಟ್ಟೆ ನೋವು” ಎಂದಿರುವ ಚೀಟಿ ಕ್ಯೂನಲ್ಲಿ ಹಿಂದೆ ಬೀಳುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ.

“ಆಯುಷ್ಮಾನ್ ಕಾರ್ಡ್ ನಡೆಯುತ್ತಾ?”

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಖರ್ಚಿನಲ್ಲಿ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಪರೇಷನ್, ಕೀಮೋ, ರೇಡಿಯೇಷನ್ ಇದರಲ್ಲಿ ಬರುತ್ತದೆ. ಯೋಜನೆ ಕಟ್ಟಿರುವುದು ಚಿಕಿತ್ಸೆಯ ಸುತ್ತ. ಕಾಯಿಲೆ ಇದೆಯೋ ಇಲ್ಲವೋ ಎಂದು ನೋಡುವ ಹಂತದಲ್ಲಿ ಜೇಬಿಗೆ ಕೈ ಹಾಕುವುದು ಮನೆಯವರೇ. ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹಿಡಿದುಕೊಳ್ಳಿ. ಅದಿಲ್ಲದೆ ಹೋಗಿ ಮೊದಲ ವಾರದಲ್ಲೇ ಸಾಲ ಮಾಡಿಕೊಂಡವರು ಬಹಳ ಜನ.

“ಹೊಟ್ಟೆ ಖಾಲಿ ಮಾಡೋ ಔಷಧ ಕುಡಿದು ನಮ್ಮೂರಿಂದ ಬಸ್ ಹತ್ತೋದು ಹೇಗೆ ಸ್ವಾಮಿ?”

ಯಾದಗಿರಿ ಕಡೆಯ ಒಬ್ಬ ರೈತ ನನ್ನನ್ನು ಹೀಗೆ ಕೇಳಿದಾಗ ಉತ್ತರ ಇರಲಿಲ್ಲ. ಕೊಲೊನೋಸ್ಕೋಪಿಗೆ ಕರುಳು ಪೂರ್ತಿ ತೊಳೆದಿರಬೇಕು. ಅದಕ್ಕೆ ಒಂದು ಪುಡಿ ಕೊಡುತ್ತಾರೆ, ಎರಡರಿಂದ ನಾಲ್ಕು ಲೀಟರ್ ನೀರಿಗೆ ಬೆರೆಸಿ ಅರ್ಧ ಹಿಂದಿನ ಸಂಜೆ, ಇನ್ನರ್ಧ ಅದೇ ದಿನ ಬೆಳಗಿನ ಜಾವ ಕುಡಿಯಬೇಕು. ಕುಡಿದ ಮೇಲೆ ಹತ್ತಾರು ಸಲ ಓಡಬೇಕಾಗುತ್ತದೆ. ಮನೆಯಲ್ಲಿ ಕಕ್ಕಸು ಇಲ್ಲ, ಬಯಲಿಗೆ ಹೋಗುವವರು. ಬೆಳಗ್ಗೆ ಐದೂವರೆಯ ಬಸ್ಸು ಹಿಡಿದು ಎರಡು ಗಂಟೆ ಕೂರಬೇಕು. ಆ ಮನುಷ್ಯ ತಾರೀಕು ತಪ್ಪಿಸಿದ್ದಕ್ಕೆ ಫೈಲಿನಲ್ಲಿ “ರೋಗಿ ಬರಲಿಲ್ಲ” ಎಂದು ಬರೆದಿದ್ದರು.

ಅವತ್ತಿನಿಂದ ನಾನು ಕೇಳುವುದು ಒಂದೇ. ದೂರದವರಿಗೆ ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಒಂದು ಹಾಸಿಗೆ, ಪಕ್ಕದಲ್ಲೇ ಒಂದು ಶೌಚಾಲಯ ಕೊಡಿ. ವಾರ್ಡಿನಲ್ಲಿ ಆಗದಿದ್ದರೆ ಹತ್ತಿರದ ಛತ್ರ, ಮಠ ಯಾವುದಾದರೂ ಆದೀತು. ತಾರೀಕನ್ನು ಬಿತ್ತನೆ, ಜಾತ್ರೆ ನೋಡಿಕೊಂಡು ಕೊಡಿ. ದೂರದಿಂದ ಬಂದವರದ್ದು ಬೆಳಗಿನ ಹನ್ನೊಂದಕ್ಕೆ ಇರಲಿ, ಎಂಟಕ್ಕೆ ಬೇಡ.

ಊಟದ ಚೀಟಿಯನ್ನೂ ನಮ್ಮ ಅಡುಗೆಗೆ ತಕ್ಕಂತೆ ಬರೆಯಬೇಕು. “ನಾರಿನಂಶ ತ್ಯಜಿಸಿ” ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಎರಡು ಮೂರು ದಿನ ಮುಂಚಿನಿಂದ ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪು, ಕಾಳು, ಬದನೆಕಾಯಿ, ಸೀಬೆಹಣ್ಣು ಬೇಡ, ಬೀಜ ಕರುಳಿಗೆ ಅಂಟಿಕೊಳ್ಳುತ್ತದೆ. ಮೆತ್ತಗಿನ ಬಿಳಿ ಅನ್ನ, ಮಜ್ಜಿಗೆ, ಇಡ್ಲಿ ಆಗಬಹುದು. ಹಿಂದಿನ ದಿನ ಗಂಜಿಯ ತಿಳಿ, ಎಳನೀರು, ತಿಳಿಸಾರು, ಹಾಲಿಲ್ಲದ ಟೀ. ಬೀಟ್‌ರೂಟ್ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಐರನ್ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಏನನ್ನೂ ಬಿಡಬೇಡಿ.

## ಕಾರ್ಯಕರ್ತರು, ಡಾಕ್ಟರುಗಳು ಕೇಳುವುದು

“ನಮ್ಮದು ರಾಯಚೂರು. ಆ ಬಿಸಿಲಿಗೆ ಸ್ಯಾಂಪಲ್ ಕೆಡಲ್ವಾ?”

ಕೆಡುತ್ತದೆ, ಮತ್ತು ಕೆಟ್ಟಿದ್ದು ಗೊತ್ತಾಗುವುದಿಲ್ಲ. ಸೆಕೆಗೆ ಹಿಮೋಗ್ಲೋಬಿನ್ ಒಡೆದುಹೋಗುತ್ತದೆ, ಪಾಸಿಟಿವ್ ಬರಬೇಕಾದದ್ದು ನೆಗೆಟಿವ್ ಬರುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲೇ ಬೇಸಿಗೆಯಲ್ಲಿ ಪಾಸಿಟಿವ್ ಕಡಿಮೆ ಬರುವುದನ್ನು ಗಮನಿಸಿದ್ದಾರೆ. ನಮ್ಮ ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಕೇಳಬೇಕಾ? ಕಿಟ್ ಹಂಚುವುದನ್ನು ಮಳೆಗಾಲ, ಚಳಿಗಾಲಕ್ಕೆ ಇಟ್ಟುಕೊಳ್ಳಿ. ಬೆಳಗ್ಗೆ ಹಿಡಿದದ್ದು ಅವತ್ತೇ ಕೇಂದ್ರಕ್ಕೆ ಬರಲಿ. ಅಲ್ಲಿ ಲಸಿಕೆ ಇಡುವ ಫ್ರಿಜ್ಜಿಗೆ ಇದನ್ನು ಇಡುವಂತಿಲ್ಲ, ಒಂದು ಬೇರೆ ಸಣ್ಣ ಫ್ರಿಜ್ ಬೇಕು. ಅದಕ್ಕೂ ಬಜೆಟ್ಟಿನಲ್ಲಿ ಒಂದು ಸಾಲು ಬರೆದಿಡಿ.

“ಸ್ಟ್ರಿಪ್ ಕಿಟ್ ಸಾಕಾ, ಮೆಷಿನ್ನೇ ಬೇಕಾ?”

ಸ್ಟ್ರಿಪ್ಪಿನಲ್ಲಿ ಗೆರೆ ಬಂತು, ಬರಲಿಲ್ಲ, ಅಷ್ಟೇ. ಅಲ್ಲೇ ಗೊತ್ತಾಗುತ್ತದೆ, ಲ್ಯಾಬ್ ಬೇಡ. ಆದರೆ ಮಸುಕು ಗೆರೆಯನ್ನು ಒಬ್ಬರು ಪಾಸಿಟಿವ್ ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ಅನ್ನುತ್ತಾರೆ. ಕಂಪನಿಯಿಂದ ಕಂಪನಿಗೆ ಮಿತಿಯೂ ಬೇರೆ. ಮೆಷಿನ್ ಒಂದು ಸಂಖ್ಯೆ ಕೊಡುತ್ತದೆ. ನೆದರ್‌ಲ್ಯಾಂಡ್ಸಿನವರು 15ನ್ನು 47 ಮಾಡಲು ಆದದ್ದು ಆ ಸಂಖ್ಯೆ ಇದ್ದದ್ದರಿಂದಲೇ. ಜಿಲ್ಲೆಗೆ ಒಂದು ಮೆಷಿನ್ ಇಟ್ಟು ಟ್ಯೂಬುಗಳನ್ನು ಅಲ್ಲಿಗೆ ತರಿಸುವುದು ನನ್ನ ಪ್ರಕಾರ ಸರಿ.

“ಇರೋ ಸ್ವಲ್ಪ ಸ್ಲಾಟುಗಳನ್ನ ಯಾರಿಗೆ ಮೊದಲು ಕೊಡೋದು?”

ಫಿಟ್ ನಮಗೆ ಅತ್ಯಂತ ಉಪಯೋಗಕ್ಕೆ ಬರುವುದು ಇಲ್ಲಿಯೇ. ಹೊಸ ಜನರನ್ನು ಕ್ಯೂಗೆ ಸೇರಿಸುವ ಮೊದಲು, ಈಗಾಗಲೇ ನಿಂತಿರುವ ಕ್ಯೂವನ್ನು ಜೋಡಿಸಲು ಅದನ್ನು ಬಳಸಿ. ಬ್ರಿಟನ್ನಿನಲ್ಲಿ ಕೋವಿಡ್ ಹೊತ್ತಿಗೆ ಎಂಡೋಸ್ಕೋಪಿ ಬಹುತೇಕ ನಿಂತಾಗ ಹೀಗೇ ಮಾಡಿದರು. 2023ರಲ್ಲಿ ಅದು ಅಲ್ಲಿನ ಅಧಿಕೃತ ಸಲಹೆಯೇ ಆಯಿತು. ಕರುಳಿನ ತೊಂದರೆ ಹೇಳಿಕೊಂಡು ಬಂದವರಿಗೆ ಮೊದಲು ಫಿಟ್, 10 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಬೇಗ ಕಳಿಸುವುದು. ಗಮನಿಸಿ, ತೊಂದರೆ ಇರುವವರಿಗೆ 10, ತೊಂದರೆ ಇಲ್ಲದವರ ತಪಾಸಣೆಗೆ 80 ಅಥವಾ 120. ಎರಡನ್ನೂ ಬೆರೆಸಬಾರದು.

ಬೆರಳಿಗೆ ಗಡ್ಡೆ ಸಿಕ್ಕವರು, ರಕ್ತಹೀನತೆಯ ಜೊತೆ ರಕ್ತ ಹೋಗುವವರು ಯಾವ ಸಂಖ್ಯೆಗೂ ಕಾಯದೆ ಮುಂದೆ ಹೋಗಬೇಕು. ಆಮೇಲೆ ಫಿಟ್ ಸಂಖ್ಯೆ ಎತ್ತರ ಇರುವವರು. ಆಮೇಲೆ ಮನೆತನದ ಇತಿಹಾಸ ಇರುವವರು. ತೊಂದರೆಯೇ ಇಲ್ಲದವರಲ್ಲಿ ಯಾರಿಗೆ ಅಪಾಯ ಜಾಸ್ತಿ ಎಂದು ನೋಡಲು ಏಷ್ಯಾ–ಪೆಸಿಫಿಕ್ ಸ್ಕೋರ್ ಎಂಬುದಿದೆ. ವಯಸ್ಸು, ಗಂಡೋ ಹೆಣ್ಣೋ, ಮನೆಯಲ್ಲಿ ಯಾರಿಗಾದರೂ ಇತ್ತೇ, ಬೀಡಿ ಸಿಗರೇಟು ಸೇದುತ್ತಾರೆಯೇ, ನಾಲ್ಕೇ ವಿಷಯ. ಪೆನ್ನು ಪೇಪರ್ ಸಾಕು.

“ಮಾಡೋ ಕೈಗಳೇ ಕಮ್ಮಿ. ನರ್ಸುಗಳಿಗೆ ಕಲಿಸಬಹುದಾ?”

ಬ್ರಿಟನ್ನಿನಲ್ಲಿ ತರಬೇತಿ ಪಡೆದ ನರ್ಸುಗಳು ವರ್ಷಗಳಿಂದ ಮಾಡುತ್ತಿದ್ದಾರೆ. ನಮ್ಮಲ್ಲಿ ಮೊದಲು ಜಿಲ್ಲಾಸ್ಪತ್ರೆಯ ಸರ್ಜನ್ನುಗಳಿಗೆ ಒಳ್ಳೆಯ ತರಬೇತಿ ಕೊಡುವುದು ಬೇಗ ಆಗುವ ಕೆಲಸ. ಒಳ್ಳೆಯ ತರಬೇತಿ ಎಂದು ಒತ್ತಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಇನ್ನೊಂದು ಅಧ್ಯಯನ, 2014ರದ್ದು, ಹೇಳುವ ಪ್ರಕಾರ ಡಾಕ್ಟರು ಗಂಟು ಕಂಡುಹಿಡಿಯುವ ಪ್ರಮಾಣ ನೂರಕ್ಕೆ ಒಂದು ಅಂಶ ಏರಿದರೆ ಆಮೇಲೆ ಕ್ಯಾನ್ಸರ್ ಬರುವ ಅಪಾಯ ನೂರಕ್ಕೆ 3 ಇಳಿಯುತ್ತದೆ. ಅವಸರದಲ್ಲಿ ಹತ್ತು ಮಾಡುವುದಕ್ಕಿಂತ ನಿಧಾನಕ್ಕೆ ಆರು ಮಾಡುವುದು ಮೇಲು.

“ಆಶಾಗಳ ತಲೆ ಮೇಲೆ ಇನ್ನೊಂದು ಹೊರೆ ಹಾಕೋದು ನ್ಯಾಯಾನಾ?”

ಸಂಬಳವಿಲ್ಲದೆ ಹಾಕಿದರೆ ನ್ಯಾಯವಲ್ಲ. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಹಗಲೂ ರಾತ್ರಿ ಕೂತಿದ್ದವರು ಇವರೇ. ಕಿಟ್ ಕೊಡುವುದಕ್ಕಿಂತ, ಪಾಸಿಟಿವ್ ಬಂದವರನ್ನು ಕೊಲೊನೋಸ್ಕೋಪಿ ಮುಗಿಯುವವರೆಗೆ ಕೈ ಹಿಡಿದು ನಡೆಸುವುದಕ್ಕೆ ಪ್ರೋತ್ಸಾಹಧನ ಕೊಡಿ. ಕಷ್ಟದ ಕೆಲಸ ಅದೇ.

“ನಮ್ಮ ತಾಲ್ಲೂಕಲ್ಲಿ ಸಣ್ಣದಾಗಿ ಶುರು ಮಾಡ್ಬೇಕು. ಎಲ್ಲಿಂದ?”

ಜಿಲ್ಲಾಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಿಂದ. ವಾರಕ್ಕೆ ನಮ್ಮ ತಾಲ್ಲೂಕಿಗೆಂದೇ ಎರಡು ಜಾಗ ಮೀಸಲಿಡಲು ಕೇಳಿ. ಎರಡು ಅಂದರೆ ವರ್ಷಕ್ಕೆ ನೂರು. ನೂರಕ್ಕೆ 5 ಪಾಸಿಟಿವ್ ಬಂದರೆ 2,000 ಜನರ ತಪಾಸಣೆ ಆಗುತ್ತದೆ. ಒಂದೆರಡು ಪಿಎಚ್‌ಸಿಯ ಜನ ಸಾಕು. ಆಪರೇಷನ್ ಬೇಕಾದರೆ ಎಲ್ಲಿಗೆ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ: ಕಿದ್ವಾಯಿಯೋ, ಕಲಬುರಗಿಯ ಅದರ ಕೇಂದ್ರವೋ, ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯೋ.

ಆಮೇಲೆ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ ತನ್ನಿ. ಹೆಸರು, ವಯಸ್ಸು, ಕಿಟ್ ಕೊಟ್ಟ ದಿನ, ವಾಪಸ್ ಬಂದ ದಿನ, ಸಂಖ್ಯೆ, ಕೊಲೊನೋಸ್ಕೋಪಿ ತಾರೀಕು, ಆಯಿತೇ, ಏನು ಸಿಕ್ಕಿತು. ಪಾಸಿಟಿವ್ ಬಂದವರ ಹೆಸರಿಗೆ ಕೆಂಪು ಶಾಯಿ ಇರಲಿ. ಕೊನೆಯ ಕಾಲಂನಲ್ಲಿ, ಅವರು ಬರದಿದ್ದರೆ ಫೋನ್ ಮಾಡಿದ್ದು ಯಾರು, ಅವರು ಏನೆಂದರು ಎಂದು ಬರೆಯಿರಿ. ಪ್ರತಿ ಸೋಮವಾರ ಆ ಕಾಲಂ ಮೊದಲು ಓದಿ.